ಜನ್ನ

ಜನ್ನ ಹನ್ನೆರಡನೆಯ ಶತಮಾನದ ಕೊನೆ ಮತ್ತು ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಬಾಳಿದ ಹಳಗನ್ನಡ ಕವಿ. ಹೊಯ್ಸಳ ರಾಜಧಾನಿಯಾಗಿದ್ದ ದೋರಸಮುದ್ರ, ಅಂದರೆ ಇಂದಿನ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಳೇಬೀಡು, ಇವನ ಬಾಳಿಗೂ ಬರಹಕ್ಕೂ ನೆಲೆಯಾಗಿತ್ತು. ಇಮ್ಮಡಿ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದನು. ಕನ್ನಡದಲ್ಲಿ ಈ ಬಿರುದಿನಿಂದ ಪ್ರಸಿದ್ಧರಾದವರು ಪೊನ್ನ, ರನ್ನ ಮತ್ತು ಜನ್ನ ಎಂಬ ಮೂವರು. ಯಶೋಧರ ಚರಿತೆ (1209) ಮತ್ತು ಅನಂತನಾಥ ಪುರಾಣ (1230) ಇವನ ಮುಖ್ಯ ಕೃತಿಗಳು. ಅನುಭವಮುಕುರ ಎಂಬ ಕಿರುಕೃತಿಯೊಂದಿದೆ. ಕೆಲವು ಶಾಸನಗಳ ಪದ್ಯಭಾಗವನ್ನೂ ರಚಿಸಿದ್ದಾನೆ.

ಕಾಲ ಮತ್ತು ಪರಿಸರ

ಜನ್ನನ ಜೀವಿತಾವಧಿಯಲ್ಲಿ ಹೊಯ್ಸಳ ರಾಜ್ಯವು ತನ್ನ ಏಳಿಗೆಯ ತುದಿಯಲ್ಲಿತ್ತು. ಇಮ್ಮಡಿ ಬಲ್ಲಾಳನು 1173ರಿಂದ 1220ರವರೆಗೆ ಆಳಿದನು. 1190ರ ದಶಕದ ಆರಂಭದ ಹೊತ್ತಿಗೆ ಸೊರಟೂರಿನ ಕಾಳಗದಲ್ಲಿ ಸೇವುಣರನ್ನು ಸೋಲಿಸಿ, ಕಲ್ಯಾಣದ ಚಾಲುಕ್ಯರ ಅಧೀನತೆಯನ್ನು ಕಳಚಿಕೊಂಡು ಸ್ವತಂತ್ರ ಚಕ್ರವರ್ತಿಯಾದನು. ಅವನ ಮಗ ಇಮ್ಮಡಿ ನರಸಿಂಹನು 1235ರವರೆಗೆ ಆಳಿ, ತಮಿಳು ನಾಡಿನಲ್ಲಿ ಕುಸಿಯುತ್ತಿದ್ದ ಚೋಳರ ಬೆಂಬಲಕ್ಕೆ ನಿಂತನು. ಯುದ್ಧಗಳು ಎಡೆಬಿಡದೆ ನಡೆಯುತ್ತಿದ್ದ ಆ ದಿನಗಳಲ್ಲಿಯೇ ಕಲ್ಲಿನ ಕೆಲಸವೂ ನಿಲ್ಲದೆ ಸಾಗಿತ್ತು. ಬೇಲೂರಿನ ಚೆನ್ನಕೇಶವ ದೇವಾಲಯವು (1117) ಜನ್ನನ ಕಾಲಕ್ಕೆ ಎರಡು ತಲೆಮಾರಿನಷ್ಟು ಹಳೆಯದಾಗಿತ್ತು. ಹಳೇಬೀಡಿನಲ್ಲಿ 1121ರಲ್ಲಿ ಆರಂಭವಾದ ಹೊಯ್ಸಳೇಶ್ವರ ದೇವಾಲಯವಿತ್ತು. ಬಲ್ಲಾಳನ ಆಳ್ವಿಕೆಯ ಕೊನೆಯಲ್ಲಿ ಅಲ್ಲಿಯೇ ಕೇದಾರೇಶ್ವರ ದೇವಾಲಯವೂ, ಅರಸೀಕೆರೆಯಲ್ಲಿ ಈಶ್ವರ ದೇವಾಲಯವೂ ಎದ್ದವು. ಅರಸೀಕೆರೆಯ ಸಹಸ್ರಕೂಟ ಜಿನಾಲಯವೂ 1220ರ ಸುಮಾರಿನದೇ. ಅದನ್ನು ಕಟ್ಟಿಸಿದವನು ರೇಚರಸನೆಂಬ ದಂಡನಾಯಕ. ಒಂದೇ ಊರಿನಲ್ಲಿ ಒಂದೇ ಕಾಲದಲ್ಲಿ ಶಿವಾಲಯವೂ ಜಿನಾಲಯವೂ ಮೇಲೇಳುತ್ತಿದ್ದುದು ಆ ಕಾಲದ ಧಾರ್ಮಿಕ ಜೀವನವನ್ನು ತಿಳಿಯಲು ಒಳ್ಳೆಯ ಸಾಕ್ಷಿ.

ಬಲ್ಲಾಳನ ಕಾಲವು ಕನ್ನಡ ಸಾಹಿತ್ಯಕ್ಕೂ ಸುಗ್ಗಿಯಾಗಿತ್ತು. ಲೀಲಾವತಿ ಪ್ರಬಂಧವನ್ನು ಬರೆದ ನೇಮಿಚಂದ್ರ, ಜಗನ್ನಾಥವಿಜಯವನ್ನು ಬರೆದ ರುದ್ರಭಟ್ಟ ಇದೇ ಕಾಲದವರು. ರಗಳೆಗಳ ಹರಿಹರನು ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದು, ಅದನ್ನು ತೊರೆದು ಹಂಪೆಗೆ ಹೋದನೆಂಬುದು ಸಂಪ್ರದಾಯದ ಮಾತು. ಹರಿಹರನು ಅರಮನೆಯನ್ನು ಬಿಟ್ಟನು, ಜನ್ನನು ಅಲ್ಲಿಯೇ ಉಳಿದನು. ಇಬ್ಬರ ಕಾವ್ಯಮಾರ್ಗಗಳೂ ಬೇರೆಬೇರೆಯಾದವು: ಹರಿಹರನದು ಎಲ್ಲೆ ಮೀರಿ ಉಕ್ಕುವ ರಗಳೆ, ಜನ್ನನದು ಅಳತೆಯೊಳಗೆ ಬಿಗಿದು ನಿಲ್ಲುವ ಕಂದ.

ವಂಶ ಮತ್ತು ಬಾಳು

ಜನ್ನನ ತಂದೆ ಶಂಕರ. ಇವನಿಗೆ ಸುಮನೋಬಾಣನೆಂಬ ಹೆಸರೂ ಇದ್ದು, ಒಂದನೆಯ ನರಸಿಂಹನ ಬಳಿ ಕಟಕೋಪಾಧ್ಯಾಯನಾಗಿದ್ದನು. ತಾಯಿ ಗಂಗಾದೇವಿ, ಮಡದಿ ಲಕುಮಾದೇವಿ. ಧರ್ಮಗುರು ರಾಮಚಂದ್ರದೇವ ಮುನಿ. ನಾಗವರ್ಮನೆಂಬ ವಿದ್ವಾಂಸನು ಜನ್ನನ ಉಪಾಧ್ಯಾಯನಾಗಿದ್ದನು. ಇವನೇ ಕಾವ್ಯಾವಲೋಕನವನ್ನು ಬರೆದ ಇಮ್ಮಡಿ ನಾಗವರ್ಮನೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅದು ನಿಜವಾದರೆ ಅಲಂಕಾರಶಾಸ್ತ್ರದ ಪಾಠವನ್ನು ಜನ್ನನು ಆ ಶಾಸ್ತ್ರವನ್ನು ಬರೆದವನಿಂದಲೇ ಕೇಳಿದಂತಾಯಿತು.

ಈ ಮನೆತನವು ಸಾಹಿತ್ಯಕ್ಕೆ ಕೊಟ್ಟ ಕಾಣಿಕೆ ಜನ್ನನೊಬ್ಬನಲ್ಲಿ ಮುಗಿಯುವುದಿಲ್ಲ. ಅವನ ಸೋದರಿಯ ಪತಿ ಮಲ್ಲಿಕಾರ್ಜುನನು ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಹಿಂದಿನ ಕವಿಗಳ ಪದ್ಯಗಳನ್ನು ವರ್ಣನೆಯ ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಜೋಡಿಸಿರುವ ಆ ಗ್ರಂಥ ಕನ್ನಡದ ಹಳೆಯ ಕಾವ್ಯಸಂಕಲನಗಳಲ್ಲಿ ಒಂದು. ಮಲ್ಲಿಕಾರ್ಜುನನ ಮಗ ಕೇಶಿರಾಜನು ಹಳಗನ್ನಡದ ಪ್ರಮಾಣ ವ್ಯಾಕರಣವಾದ ಶಬ್ದಮಣಿದರ್ಪಣದ ಕರ್ತೃ. ತಾನು ಸುಮನೋಬಾಣನ ಮಗಳ ಮಗನೆಂದೂ ಜನ್ನನ ಸೋದರಳಿಯನೆಂದೂ ಅವನೇ ಹೇಳಿಕೊಂಡಿದ್ದಾನೆ. ಸೋದರಮಾವನು ಕಥೆ ಹೇಳಲು ಬಳಸಿದ ಕಂದ ಛಂದಸ್ಸನ್ನೇ ಅಳಿಯನು ವ್ಯಾಕರಣದ ಸೂತ್ರಗಳಿಗೆ ಬಳಸಿದನು.

ಜನ್ನನು ಬರಿಯ ಆಸ್ಥಾನಕವಿಯಲ್ಲ. ನರಸಿಂಹನ ಕಾಲದಲ್ಲಿ ತಾನು ದಂಡಾಧೀಶನೂ ಮಂತ್ರಿಯೂ ಕವಿಯೂ ಆಗಿದ್ದುದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ರಾಷ್ಟ್ರಕೂಟರ ಕೃಷ್ಣನಿಂದ ಪೊನ್ನನೂ, ಚಾಲುಕ್ಯ ತೈಲಪನಿಂದ ರನ್ನನೂ, ಬಲ್ಲಾಳನಿಂದ ತಾನೂ ಕವಿಚಕ್ರವರ್ತಿಗಳಾದೆವೆಂದು ಮೂವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಕೊಂಡಿರುವುದೂ ಆ ಹೆಮ್ಮೆಯ ಭಾಗವೇ. ಸಂಪಾದಿಸಿದುದರಲ್ಲಿ ಧರ್ಮಕ್ಕೂ ವೆಚ್ಚ ಮಾಡಿದನು. ಅನಂತನಾಥನ ಬಸದಿಯೊಂದನ್ನು ಕಟ್ಟಿಸಿದನು; ದೋರಸಮುದ್ರದ ವಿಜಯಪಾರ್ಶ್ವ ಬಸದಿಗೆ ದ್ವಾರವನ್ನು ಮಾಡಿಸಿದನು. ಹಳೇಬೀಡಿನ ಬಸದಿಹಳ್ಳಿಯಲ್ಲಿ ಇಂದಿಗೂ ಇರುವ ಈ ಪಾರ್ಶ್ವನಾಥ ಬಸದಿಯನ್ನು ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ್ದನು. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನು ನೋಡಿ ಬರುವವರಲ್ಲಿ ಹೆಚ್ಚಿನವರಿಗೆ ಕನ್ನಡದ ಒಬ್ಬ ಮಹಾಕವಿಗೂ ಆ ಬಸದಿಗೂ ನಂಟಿದೆಯೆಂಬುದು ತಿಳಿದಿರುವುದಿಲ್ಲ.

ಶಾಸನಕವಿ

ಜನ್ನನ ಬರಹಗಳಲ್ಲಿ ಕಾಲದಿಂದ ಮೊದಲಿನವು ಶಾಸನಗಳೇ. ಚನ್ನರಾಯಪಟ್ಟಣ ತಾಲ್ಲೂಕಿನ 1190ರ ಸುಮಾರಿನ ಒಂದು ಶಾಸನವೂ, ತರೀಕೆರೆ ತಾಲ್ಲೂಕಿನ ಅಮೃತಾಪುರದ 1197ರ ಶಾಸನವೂ ಇವನ ರಚನೆಗಳು. ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು ಕಟ್ಟಿಸಿದನು. ಶಿವಾಲಯದ ಶಾಸನವನ್ನು ಜೈನಕವಿ ಬರೆದುದರಲ್ಲಿ ಆ ಕಾಲದವರಿಗೆ ಅಸಹಜವಾದುದೇನೂ ಕಂಡಿರಲಾರದು. ಕಲ್ಲಿನ ಮೇಲೆ ಬರೆಯುವ ಕವಿಗೆ ಸ್ಥಳ ಕಡಿಮೆ, ಮಾತು ಅಳೆದು ತೂಗಿದಂತಿರಬೇಕು. ಹನ್ನೆರಡು ವರ್ಷಗಳ ಬಳಿಕ ಬಂದ ಯಶೋಧರ ಚರಿತೆಯ ಮಿತಭಾಷೆಗೆ ಈ ಅಭ್ಯಾಸವು ನೆರವಾಗಿರಬೇಕೆಂದು ಊಹಿಸಿದರೆ ತಪ್ಪಾಗದು.

ಯಶೋಧರ ಚರಿತೆ

ಯಶೋಧರನ ಕಥೆ ಜನ್ನನ ಸೃಷ್ಟಿಯಲ್ಲ. ಸಂಸ್ಕೃತದಲ್ಲಿ ಸೋಮದೇವನ ಯಶಸ್ತಿಲಕ ಚಂಪು (959), ಅಪಭ್ರಂಶದಲ್ಲಿ ಪುಷ್ಪದಂತನ ಜಸಹರಚರಿಉ ಇದೇ ಕಥೆಯನ್ನು ಹೇಳುತ್ತವೆ. ಜನ್ನನು ಹತ್ತಿರದಿಂದ ಅನುಸರಿಸಿದ್ದು ವಾದಿರಾಜನ ಸಂಸ್ಕೃತ ಯಶೋಧರಚರಿತವನ್ನು. ಕಥೆಯ ಎಲುಬುಗೂಡು ವಾದಿರಾಜನದು. ಅದಕ್ಕೆ ರಕ್ತಮಾಂಸ ತುಂಬಿ ಉಸಿರು ಕೊಟ್ಟವನು ಜನ್ನ.

ಕಾವ್ಯವು ನಾಲ್ಕು ಅವತಾರಗಳಾಗಿ ಹಂಚಿಕೊಂಡಿದೆ. ಒಟ್ಟು ಪದ್ಯಗಳು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು. ಕೆಲವೇ ವೃತ್ತಗಳನ್ನು ಬಿಟ್ಟರೆ ಉಳಿದುವೆಲ್ಲ ಕಂದಪದ್ಯಗಳು. ಗದ್ಯಪದ್ಯ ಬೆರೆತ ಚಂಪುವೇ ಪ್ರೌಢಕಾವ್ಯದ ರೂಪವೆಂದು ನಡೆದುಬಂದಿದ್ದ ಕಾಲದಲ್ಲಿ ಗದ್ಯವನ್ನೇ ಬಿಟ್ಟು, ವೃತ್ತಗಳ ಆಡಂಬರವನ್ನೂ ಬಿಟ್ಟು, ಒಂದೇ ಛಂದಸ್ಸಿನಲ್ಲಿ ಇಡೀ ಕಥೆಯನ್ನು ಹೇಳಹೊರಟುದು ಸಣ್ಣ ನಿರ್ಧಾರವಲ್ಲ.

ಕಥೆ ಹೀಗಿದೆ. ರಾಜಪುರದ ಅರಸು ಮಾರಿದತ್ತನು ಚೈತ್ರಮಾಸದಲ್ಲಿ ಚಂಡಮಾರಿಗೆ ಜೀವರಾಶಿಗಳನ್ನು ಬಲಿಕೊಡುವ ಜಾತ್ರೆ ನಡೆಸುತ್ತಾನೆ. ಅರಸನ ಕೈಯಿಂದಲೇ ಕಡಿಯಬೇಕಾದ ನರಬಲಿಗಾಗಿ ತಳವಾರನು ಎಳೆಯ ವಯಸ್ಸಿನ ಇಬ್ಬರು ಜೈನ ವ್ರತಿಗಳನ್ನು ಹಿಡಿದು ತರುತ್ತಾನೆ. ಅವರು ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರು. ಕತ್ತಿಯ ಮುಂದೆ ನಿಂತರೂ ಅಳುಕದ ಆ ಮುಖಗಳನ್ನು ಕಂಡು ಅರಸನ ಕೈ ತಡೆಯುತ್ತದೆ, ಅವರಾರೆಂದು ಕೇಳುತ್ತಾನೆ. ಅಭಯರುಚಿಯು ತನ್ನ ಹಿಂದಿನ ಜನ್ಮಗಳ ವೃತ್ತಾಂತವನ್ನು ಹೇಳತೊಡಗುತ್ತಾನೆ.

ಉಜ್ಜಯಿನಿಯ ಅರಸು ಯಶೋಧರ, ತಾಯಿ ಚಂದ್ರಮತಿ, ರಾಣಿ ಅಮೃತಮತಿ. ಒಂದು ದಿನ ಬೆಳಗಿನ ಜಾವದಲ್ಲಿ, ಅರಸನ ಮಗ್ಗುಲಲ್ಲಿ ಮಲಗಿದ್ದ ಅಮೃತಮತಿಯ ಕಿವಿಗೆ ಆನೆಯ ಲಾಯದ ಕಡೆಯಿಂದ ಹಾಡೊಂದು ಬೀಳುತ್ತದೆ. ಮುಖ ಕಾಣುವ ಮೊದಲೇ ಅವಳು ಆ ದನಿಗೆ ಮನಸೋಲುತ್ತಾಳೆ. ಹಾಡಿದವನು ಅಷ್ಟವಂಕನೆಂಬ ಮಾವಟಿಗ, ಹೆಸರೇ ಹೇಳುವಂತೆ ಮೈಯೆಲ್ಲ ಸೊಟ್ಟಾದವನು. ನೋಡಿಬಂದ ದೂತಿಯು ಹೇಸಿ ಅವನ ವಿಕಾರವನ್ನು ಬಣ್ಣಿಸಿದರೂ ರಾಣಿ ಹಿಂಜರಿಯುವುದಿಲ್ಲ. ಇರುಳಿರುಳು ಅವನಲ್ಲಿಗೆ ಹೋಗುತ್ತಾಳೆ. ಒಂದು ರಾತ್ರಿ ತಡವಾಗಿ ಬಂದವಳನ್ನು ಅವನು ಮುಂದಲೆ ಹಿಡಿದು ಹೊಡೆಯುತ್ತಾನೆ; ಅವಳು ಕಾಲಿಗೆ ಬಿದ್ದು, ಅವನೊಬ್ಬನ ಹೊರತು ಉಳಿದ ಗಂಡಸರೆಲ್ಲ ತನಗೆ ಒಡಹುಟ್ಟಿದವರೆಂದು ಗೋಗರೆಯುತ್ತಾಳೆ. ಮರೆಯಲ್ಲಿ ನಿಂತು ಇದನ್ನೆಲ್ಲ ಕಂಡ ಯಶೋಧರನು ಕತ್ತಿ ಎತ್ತುತ್ತಾನೆ. ಹಗೆಗಳ ಮೇಲೆ ಬೀಸಿದ ಕತ್ತಿಯನ್ನು ಇವರ ಮೇಲೆ ಬೀಸುವುದು ಹೇಯವೆಂದು ತಡೆದು ಹಿಂತಿರುಗುತ್ತಾನೆ.

ಮರುದಿನ ಮಗನ ಮುಖ ಬಾಡಿದುದನ್ನು ಕಂಡು ತಾಯಿ ಕಾರಣ ಕೇಳುತ್ತಾಳೆ. ನಿಜವನ್ನು ನುಡಿಯಲಾರದೆ ಅವನು ಕೆಟ್ಟ ಕನಸು ಕಂಡೆನೆಂದು ಮರೆಮಾತಿನಲ್ಲಿ ಹೇಳುತ್ತಾನೆ. ದೋಷ ಕಳೆಯಲು ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿಯ ಹಟ. ಕೊಲ್ಲಲಾರೆನೆಂದು ಮಗನ ಹಟ. ಕೊನೆಗೆ ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುವುದೆಂದು ಇಬ್ಬರೂ ಒಪ್ಪುತ್ತಾರೆ. ಆ ಗೊಂಬೆಯ ಚೆಲುವಿಗೆ ಮರುಳಾಗಿ ಬೆಂತರವೊಂದು ಅದರೊಳಗೆ ಸೇರಿಕೊಂಡಿರುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಕಾವ್ಯದ ಹೃದಯವೇ ಈ ಕೂಗು.

ವಿರಕ್ತನಾಗಿ ಕಾಡಿಗೆ ಹೊರಟ ಯಶೋಧರನಿಗೂ ಅತ್ತೆಗೂ ಅಮೃತಮತಿಯು ವಿಷವಿಕ್ಕಿ ಕೊಲ್ಲುತ್ತಾಳೆ. ಅಲ್ಲಿಂದ ಮುಂದೆ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ: ಮಗ ನವಿಲಾದರೆ ತಾಯಿ ನಾಯಿ, ಮಗ ಮೀನಾದರೆ ತಾಯಿ ಮೊಸಳೆ, ಮುಂದೆ ಆಡು, ಕೋಣ ಮೊದಲಾದ ಜನ್ಮಗಳು. ಒಂದು ಜನ್ಮದಲ್ಲಿ ಒಬ್ಬರು ಇನ್ನೊಬ್ಬರ ಬಾಯಿಗೆ ತುತ್ತಾದರೆ, ಇನ್ನೊಂದರಲ್ಲಿ ಸ್ವಂತ ಮಗನ ಅರಮನೆಯ ಅಡುಗೆಗೆ ಒದಗುತ್ತಾರೆ. ಕೊನೆಗೆ ಹುಂಜ ಮತ್ತು ಹೇಂಟೆಯಾಗಿ, ಯಶೋಧರನ ಮಗ ಯಶೋಮತಿಯ ಬಾಣಕ್ಕೆ ಸಿಕ್ಕಿ ಸತ್ತು, ಅವನ ರಾಣಿ ಕುಸುಮಾವಳಿಯ ಬಸಿರಲ್ಲಿ ಅವಳಿಗಳಾಗಿ ಹುಟ್ಟುತ್ತಾರೆ. ಅವರೇ ಅಭಯರುಚಿ ಮತ್ತು ಅಭಯಮತಿ. ಕುಸುಮಾವಳಿಯು ಮಾರಿದತ್ತನ ಸೋದರಿ. ಬಲಿಗೆಂದು ತಂದ ಮಕ್ಕಳು ಅವನ ಸೋದರಳಿಯ ಮತ್ತು ಸೋದರ ಸೊಸೆ. ಮಾರಿದತ್ತನು ಹಿಂಸೆಯನ್ನು ತೊರೆಯುತ್ತಾನೆ.

ಕಂದದ ಬಿಗಿ

ಕಂದಪದ್ಯವು ನಾಲ್ಕು ಮಾತ್ರೆಯ ಗಣಗಳಿಂದ ಆದುದು. ಒಂದನೆಯ ಮತ್ತು ಮೂರನೆಯ ಪಾದಗಳಲ್ಲಿ ಮೂರು ಮೂರು ಗಣಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದೈದು ಗಣಗಳು. ಒಟ್ಟು 64 ಮಾತ್ರೆಗಳು. ಅರ್ಧದ ಬೆಸಸ್ಥಾನಗಳಲ್ಲಿ ಜಗಣ ಬರಬಾರದು, ಆರನೆಯ ಗಣವು ಜಗಣವೋ ಸರ್ವಲಘುವೋ ಆಗಿರಬೇಕು. ನಾಲ್ಕೂ ಪಾದಗಳ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿ ಪ್ರಾಸ ಕೂಡಬೇಕು. ಇಷ್ಟು ಕಟ್ಟುಪಾಡುಗಳ ಚಿಕ್ಕ ಅಂಕಣದಲ್ಲಿ ಕಥೆಯೂ ಓಡಬೇಕು, ಪಾತ್ರವೂ ಮಾತನಾಡಬೇಕು. ಜನ್ನನಲ್ಲಿ ಇವೆರಡೂ ಒಟ್ಟಿಗೆ ನಡೆಯುತ್ತವೆ. ಮೊದಲ ಪಾದಗಳಲ್ಲಿ ಸಂಗತಿಯನ್ನಿಟ್ಟು, ಕೊನೆಯ ಉದ್ದ ಪಾದದಲ್ಲಿ ಅದನ್ನು ತಿರುವುವುದು ಅವನ ಪ್ರಿಯವಾದ ರೀತಿ. ಆ ತಿರುವಿನಲ್ಲಿ ಹಲವೊಮ್ಮೆ ಅರ್ಥಾಂತರನ್ಯಾಸವಿರುತ್ತದೆ; ಒಂದು ಪಾತ್ರದ ಪಾಡು ಎಲ್ಲರ ಪಾಡಾಗಿ ಬಿಡುತ್ತದೆ. ಅವನ ಪದ್ಯಗಳ ಕೊನೆಯ ಸಾಲುಗಳು ಗಾದೆಗಳಂತೆ ಉಳಿದುಕೊಂಡಿರುವುದಕ್ಕೆ ಇದು ಕಾರಣ. ಆದರೆ ಅವುಗಳನ್ನು ಕಥೆಯಿಂದ ಕಿತ್ತು ನೀತಿವಾಕ್ಯಗಳೆಂದು ಓದಿದರೆ ಅರ್ಧ ಅರ್ಥ ಕಳೆದುಹೋಗುತ್ತದೆ, ಏಕೆಂದರೆ ಅವು ಬಹುಮಟ್ಟಿಗೆ ಒಂದು ಪಾತ್ರದ ಸಂಕಟದ ಗಳಿಗೆಯಲ್ಲಿ ಹುಟ್ಟಿದವು.

ಅಲಂಕಾರಗಳು ಕಥೆಯ ಒಳಗಿನಿಂದಲೇ ಬರುತ್ತವೆ. ಅಮೃತಮತಿಯ ಹೆಸರಿನಲ್ಲಿ ಅಮೃತ, ಕೈಯಲ್ಲಿ ವಿಷ. ಬಲಿಪೀಠದ ಮುಂದೆ ನಿಂತ ಮಕ್ಕಳಿಬ್ಬರ ಹೆಸರಿನಲ್ಲಿಯೂ ಅಭಯವಿದೆ. ಮಾವಟಿಗನ ಕಾಲಿಗೆ ಬಿದ್ದ ರಾಣಿ ಆಡುವ ಮಾತು ಪತಿವ್ರತೆ ತನ್ನ ಗಂಡನಿಗೆ ಆಡಬೇಕಾದ ಮಾತು. ಮರೆಯಲ್ಲಿ ನಿಂತು ಅದನ್ನು ಕೇಳುತ್ತಿರುವವನು ಆ ಗಂಡನೇ. ಇನ್ನೊಂದು ಸನ್ನಿವೇಶದಲ್ಲಿ ಯಶೋಧರನು ಸರಸವಾಡುವಂತೆ ನೆಯ್ದಿಲ ಹೂವಿನಿಂದ ರಾಣಿಯನ್ನು ತಟ್ಟುತ್ತಾನೆ, ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಹಿಂದಿನ ರಾತ್ರಿ ಮಾವಟಿಗನ ಏಟುಗಳನ್ನು ತಾಳಿಕೊಂಡವಳು ಹೂವಿನ ಏಟನ್ನು ತಾಳಲಾರದೆ ಹೋಗುತ್ತಾಳೆ. ಅರಸನು ಅವಳನ್ನು ಉಪಚರಿಸುತ್ತ ಆಡುವ ಇಬ್ಬಗೆಯ ಮಾತನ್ನು ಸುತ್ತಲಿನವರು ಪ್ರೀತಿಯೆಂದು ತಿಳಿಯುತ್ತಾರೆ. ಅದರ ಕೊಂಕು ಓದುಗನಿಗೂ ಅವಳಿಗೂ ಮಾತ್ರ ತಿಳಿಯುತ್ತದೆ. ವಕ್ರೋಕ್ತಿ ಏನೆಂಬುದನ್ನು ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಿಲ್ಲ.

ಕತ್ತಿಗಳು ಮತ್ತು ಹಿಟ್ಟಿನ ಕೋಳಿ

ಕಾವ್ಯದಲ್ಲಿ ಕತ್ತಿ ಮತ್ತೆ ಮತ್ತೆ ಒರೆಯಿಂದ ಹೊರಬರುತ್ತದೆ. ಮಾರಿದತ್ತನ ಕತ್ತಿ ಮಕ್ಕಳ ಮುಂದೆ ನಿಂತುಬಿಡುತ್ತದೆ. ಯಶೋಧರನ ಕತ್ತಿ ರಾಣಿಯ ಮತ್ತು ಮಾವಟಿಗನ ಮೇಲೆ ಎದ್ದು ಬೀಳದೆ ಹಿಂದೆ ಸರಿಯುತ್ತದೆ. ಈ ಎರಡೂ ಸಂದರ್ಭಗಳಲ್ಲಿ ಎದುರಿಗಿದ್ದವರು ಜೀವವಿರುವ ಮನುಷ್ಯರು. ಕತ್ತಿ ನಿಜವಾಗಿ ಬೀಳುವುದು ಜೀವವೇ ಇಲ್ಲದ ಹಿಟ್ಟಿನ ಮೇಲೆ. ಅಷ್ಟಕ್ಕೇ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಬೇಯುತ್ತಾರೆ.

ಜೈನಧರ್ಮದ ಪರಿಭಾಷೆಯಲ್ಲಿ ಇದು ಸಂಕಲ್ಪಹಿಂಸೆ. ಕೊಲ್ಲುವ ಭಾವವಿದ್ದರೆ ಕೊಲೆ ಆದಂತೆಯೇ ಎಂಬುದು ತತ್ತ್ವ. ತತ್ತ್ವವಾಗಿ ಹೇಳಿದರೆ ಇದು ಯಾರನ್ನೂ ಅಷ್ಟಾಗಿ ಕಲಕದು. ಹಿಟ್ಟಿನ ಮುದ್ದೆಯ ಮೇಲೆ ಬಿದ್ದ ಏಟಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಜನ್ನನ ಹಿರಿಮೆಯೆಂದರೆ ಆ ಪ್ರಶ್ನೆಯನ್ನು ಮುಚ್ಚಿಡದಿರುವುದು. ಯಶೋಧರನು ಕ್ರೂರಿಯಲ್ಲ. ಹೆಂಡತಿಯ ಮೇಲೂ ಕತ್ತಿ ಬೀಸಲಾರದವನು, ಪ್ರಾಣಿಯನ್ನೂ ಕೊಲ್ಲಲಾರದವನು. ತಾಯಿಯ ಮನ ನೋಯಬಾರದೆಂದು ಮಾಡಿಕೊಂಡ ರಾಜಿ ಅದು. ಕೊಲ್ಲಲಾರೆನೆಂಬ ಮಾತನ್ನೂ ಉಳಿಸಿಕೊಳ್ಳಬೇಕು, ಬಲಿಯ ವಿಧಿಯನ್ನೂ ನಡೆಸಬೇಕು. ಹಿಂದಿನ ರಾತ್ರಿ ತಡೆದುಕೊಂಡ ರೋಷವು ಎಲ್ಲಿಗೆ ಹೋಯಿತು, ಹಿಟ್ಟಿನ ಕೋಳಿಯ ಮೇಲೆ ಬಿದ್ದ ಕತ್ತಿಯಲ್ಲಿ ಅದು ಇರಲಿಲ್ಲವೇ ಎಂದು ಓದುಗನು ಕೇಳಿಕೊಳ್ಳುವಂತೆ ಸನ್ನಿವೇಶಗಳು ಒಂದರ ಬೆನ್ನಿಗೊಂದು ಬರುತ್ತವೆ. ಕೋಳಿ ಕೂಗಿದಾಗ ಒಪ್ಪಂದದ ಪೊಳ್ಳುತನ ಹೊರಬೀಳುತ್ತದೆ. ಇಲ್ಲಿ ಹಿಟ್ಟಿನ ಕೋಳಿ ಕಥೆಯ ವಸ್ತುವೂ ಹೌದು, ಸಂಕೇತವೂ ಹೌದು. ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ.

ಈ ಕಾವ್ಯವನ್ನು ಬರೆದವನು ದಂಡನಾಯಕರ ನಡುವೆ ಬಾಳಿದವನು, ಮುಂದೆ ತಾನೂ ದಂಡಾಧೀಶನಾದವನು. ಬಿರುದು ಕೊಟ್ಟವನು ಬಾಳಿನ ಬಹುಪಾಲು ಯುದ್ಧದಲ್ಲಿ ಕಳೆದ ಅರಸು. ಕತ್ತಿಯನ್ನೇ ನೆಚ್ಚಿದ ಆಸ್ಥಾನದಲ್ಲಿ, ಕತ್ತಿ ಎತ್ತುವ ಮನಸ್ಸನ್ನೇ ವಿಚಾರಣೆಗೆ ಒಳಪಡಿಸುವ ಕಾವ್ಯವೊಂದು ಹುಟ್ಟಿತೆಂಬುದನ್ನು ಸಾಹಿತ್ಯಚರಿತ್ರೆ ಸಾಕಷ್ಟು ಒತ್ತಿ ಹೇಳಿಲ್ಲ.

ಅಮೃತಮತಿ

ಯಶೋಧರ ಚರಿತೆಯ ಕುರಿತ ಚರ್ಚೆಗಳಲ್ಲಿ ಅತಿ ಹೆಚ್ಚು ಮಾತು ಸಂದಿರುವುದು ಅಮೃತಮತಿಗೆ. ಹಳೆಯ ಕಥೆಗಳಲ್ಲಿ ಅವಳು ಹೆಣ್ಣಿನ ಚಂಚಲತೆಗೆ ನಿದರ್ಶನ. ಜನ್ನನೂ ಆ ಚೌಕಟ್ಟನ್ನು ಪೂರ್ತಿ ಮುರಿದಿಲ್ಲ. ವಿಷವಿಕ್ಕಿದ ಅವಳಿಗೆ ನರಕವೇ ಗತಿ. ಆದರೆ ಅವಳು ಮನಸೋಲುವ ಗಳಿಗೆಯನ್ನು ಬರೆಯುವಾಗ ಅವನ ಲೇಖನಿಯಲ್ಲಿ ತಿರಸ್ಕಾರವಿಲ್ಲ. ಮನ್ಮಥನ ಮಾಯೆಗೆ ವಿಧಿಯ ಬೆಂಬಲವೂ ಒದಗಿದರೆ ಮನುಷ್ಯರು ಏನಾಗುತ್ತಾರೆಂಬ ಮರುಕವಿದೆ. ಚೆಲುವನಾದ ಅರಸನನ್ನು ಬಿಟ್ಟು ವಿಕಾರಿಯನ್ನು ಒಲಿದುದೇಕೆಂಬುದಕ್ಕೆ ಜನ್ನನು ಸುಲಭವಾದ ಉತ್ತರ ಕೊಡುವುದಿಲ್ಲ. ದೂತಿಯು ಕಣ್ಣಿನಿಂದ ಅಳೆಯುತ್ತಾಳೆ, ರಾಣಿಯು ಕಿವಿಯಿಂದ ಸೋತಿದ್ದಾಳೆ. ಇಬ್ಬರ ಸಂವಾದ ಒಂದನ್ನೊಂದು ಮುಟ್ಟದೆ ಹಾದುಹೋಗುತ್ತದೆ. ಒಲಿದವರಿಗೆ ರೂಪವು ಲೆಕ್ಕಕ್ಕಿಲ್ಲವೆಂಬ ರಾಣಿಯ ನಿಲುವನ್ನು ಕವಿಯು ತಾನಾಗಿ ಖಂಡಿಸದೆ ಬಿಟ್ಟಿದ್ದಾನೆ. ಧರ್ಮಕಾವ್ಯವೊಂದರಲ್ಲಿ ಇಷ್ಟು ಸಂಯಮ ಅಪರೂಪ.

ಅನಂತನಾಥ ಪುರಾಣ

ಯಶೋಧರ ಚರಿತೆಯ ಇಪ್ಪತ್ತೊಂದು ವರ್ಷಗಳ ಅನಂತರ, ನರಸಿಂಹನ ಆಳ್ವಿಕೆಯಲ್ಲಿ ಜನ್ನನು ಹದಿನಾಲ್ಕನೆಯ ತೀರ್ಥಂಕರನಾದ ಅನಂತನಾಥನ ಚರಿತೆಯನ್ನು ಹದಿನಾಲ್ಕು ಆಶ್ವಾಸಗಳ ಚಂಪುವಾಗಿ ಬರೆದನು. ಇಲ್ಲಿ ಅವನು ಸಂಪ್ರದಾಯಕ್ಕೆ ಮರಳಿದ್ದಾನೆ: ಗದ್ಯವಿದೆ, ವೃತ್ತಗಳಿವೆ, ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಿವೆ. ತೀರ್ಥಂಕರನ ಪಂಚಕಲ್ಯಾಣಗಳ ಭಾಗವು ಶ್ರದ್ಧಾವಂತರಿಗೆ ಪ್ರಿಯವಾದರೂ ಕಾವ್ಯವಾಗಿ ಅಷ್ಟೇನೂ ಹೊಸದಲ್ಲ.

ಕಾವ್ಯವು ಬೆಳಗುವುದು ಚಂಡಶಾಸನನ ಉಪಾಖ್ಯಾನದಲ್ಲಿ. ಗುಣಭದ್ರನ ಉತ್ತರಪುರಾಣದಲ್ಲಿ ಚಿಕ್ಕದಾಗಿ ಬಂದ ಈ ಕಥೆಯನ್ನು ಜನ್ನನು ವಿಸ್ತರಿಸಿದ್ದಾನೆ. ಪೌದನಪುರದ ವಸುಷೇಣನಿಗೆ ಚಂಡಶಾಸನನು ಗೆಳೆಯ. ಅತಿಥಿಯಾಗಿ ಬಂದ ಅವನು ವಸುಷೇಣನ ರಾಣಿ ಸುನಂದೆಯನ್ನು ಕಂಡು ಮೋಹಗೊಂಡು, ಅವಳನ್ನು ಕದ್ದೊಯ್ಯುತ್ತಾನೆ. ಅವಳು ಒಲಿಯುವುದಿಲ್ಲ. ಗಂಡನಿರುವವರೆಗೆ ಇವಳ ಮನಸ್ಸು ತಿರುಗದೆಂದು ಬಗೆದು, ವಸುಷೇಣನ ತಲೆಯನ್ನೇ ಹೋಲುವ ಕೃತಕ ತಲೆಯೊಂದನ್ನು ಅವಳ ಮುಂದೆ ಇಡಿಸುತ್ತಾನೆ. ಅದನ್ನು ಕಂಡ ಸುನಂದೆಯ ಎದೆಯೊಡೆದು ಪ್ರಾಣ ಹೋಗುತ್ತದೆ. ಚಂಡಶಾಸನನು ಅವಳ ಚಿತೆಗೆ ತಾನೂ ಬಿದ್ದು ಸಾಯುತ್ತಾನೆ. ವಿರಕ್ತನಾದ ವಸುಷೇಣನು ಹಗೆ ತೀರಿಸುವ ನಿದಾನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಾಯುತ್ತಾನೆ. ಮುಂದಿನ ಜನ್ಮದಲ್ಲಿ ಇಬ್ಬರೂ ಪುರುಷೋತ್ತಮ ಮತ್ತು ಮಧುಸೂದನರೆಂಬ ವಾಸುದೇವ, ಪ್ರತಿವಾಸುದೇವರಾಗಿ ಹುಟ್ಟಿ ಕಾದುತ್ತಾರೆ.

ಪರಸ್ತ್ರೀಯನ್ನು ಕದ್ದ ದುರುಳನು ಅವಳ ಚಿತೆಯಲ್ಲಿ ತಾನೂ ಬೇಯುವುದು ಓದುಗನನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಅವನನ್ನು ಮೆಚ್ಚಲಾಗದು, ಬರಿದೆ ಹಳಿಯಲೂ ಆಗದು. ಅಮೃತಮತಿಯನ್ನು ಕಂಡ ಕಣ್ಣುಗಳೇ ಚಂಡಶಾಸನನನ್ನೂ ಕಂಡಿವೆ. ಎರಡು ಕೃತಿಗಳನ್ನು ಜೊತೆಗಿಟ್ಟು ನೋಡಿದಾಗ ಇನ್ನೊಂದು ಸಂಗತಿಯೂ ಕಾಣುತ್ತದೆ. ಅಲ್ಲಿ ಹಿಟ್ಟಿನಿಂದ ಮಾಡಿದ ಕೋಳಿ, ಇಲ್ಲಿ ಕೃತಕವಾಗಿ ಮಾಡಿದ ತಲೆ. ಎರಡೂ ಸುಳ್ಳು ವಸ್ತುಗಳು, ಎರಡರಿಂದಲೂ ನಿಜವಾದ ಸಾವುಗಳೇ ಬರುತ್ತವೆ. ಕೈಯಿಂದ ಮಾಡಿದ ಸುಳ್ಳಿಗೆ ಮನಸ್ಸು ಎಷ್ಟು ನಿಜವನ್ನು ತುಂಬಬಲ್ಲದೆಂಬುದು ಇಪ್ಪತ್ತು ವರ್ಷಗಳ ಅಂತರದಲ್ಲಿಯೂ ಜನ್ನನನ್ನು ಬಿಡದೆ ಕಾಡಿದ ವಿಷಯ.

ಅನುಭವಮುಕುರವು ಸ್ಮರತಂತ್ರವೆಂದೂ ಹೆಸರಾದ, ಕಾಮಶಾಸ್ತ್ರಕ್ಕೆ ಸಂಬಂಧಿಸಿದ ಚಿಕ್ಕ ಗ್ರಂಥ. ಕವಿಯ ಕೀರ್ತಿಗೆ ಅದರಿಂದ ಕೂಡಿದುದೂ ಕಳೆದುದೂ ವಿಶೇಷವಾಗಿಲ್ಲ.

ನಂತರದ ಕಾಲದಲ್ಲಿ

1311ರಲ್ಲಿ ಮಲಿಕ್ ಕಾಫೂರನ ದಾಳಿಗೆ ಸಿಕ್ಕಿದ ಬಳಿಕ ದೋರಸಮುದ್ರದ ವೈಭವ ಇಳಿಯಿತು. ರಾಜಧಾನಿಯೆಂಬುದು ಅಳಿದು ಹಳೆಯ ಬೀಡೆಂಬ ಹೆಸರು ಉಳಿಯಿತು. ಜನ್ನನ ಕೃತಿಗಳು ಓಲೆಗರಿಗಳಲ್ಲಿ ಉಳಿದುಬಂದವು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಕವಿಯ ಕಾಲ, ವಂಶ, ಶಾಸನಗಳನ್ನು ಕ್ರಮವಾಗಿ ನಿರೂಪಿಸಿತು. ಆ ಬಳಿಕ ಯಶೋಧರ ಚರಿತೆಯು ಕಾಲೇಜು ತರಗತಿಗಳ ಪಠ್ಯವಾಗಿ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪರಿಚಿತವಾಯಿತು. ಗಾತ್ರದಲ್ಲಿ ಚಿಕ್ಕದು, ಹಳಗನ್ನಡ ಕಾವ್ಯಗಳಲ್ಲಿ ಓದಲು ಸುಲಭವಾದುದು ಎಂಬುದೂ ಇದಕ್ಕೆ ನೆರವಾಯಿತು.

ಗಿರೀಶ ಕಾರ್ನಾಡರು 1980ರಲ್ಲಿ ಈ ಕಥೆಯನ್ನು ಹಿಟ್ಟಿನ ಹುಂಜ ಎಂಬ ನಾಟಕವಾಗಿಸಿದರು. ಮುಂದೆ ಅದನ್ನು ತಾವೇ ಬಲಿ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ನಾಟಕದಲ್ಲಿ ಜನ್ಮಾಂತರಗಳ ಭಾಗವಿಲ್ಲ. ರಾಜ, ರಾಣಿ, ರಾಜಮಾತೆ, ಮಾವುತ ಈ ನಾಲ್ವರ ನಡುವಿನ ಒಂದು ರಾತ್ರಿಯ ಸಂಘರ್ಷವೇ ಅದರ ವಸ್ತು. ಜನ್ನನು ಅನೇಕ ಜನ್ಮಗಳಿಗೆ ಹರಡಿದ ಉರಿಯನ್ನು ನಾಟಕಕಾರರು ಒಂದೇ ಇರುಳಿಗೆ ಇಳಿಸಿದರು. ಟಿ. ಆರ್. ಎಸ್. ಶರ್ಮ ಅವರ ಇಂಗ್ಲಿಷ್ ಅನುವಾದವು 1994ರಲ್ಲಿ ಪೆಂಗ್ವಿನ್ ಸಂಸ್ಥೆಯಿಂದ ಪ್ರಕಟವಾಗಿ ಕನ್ನಡ ಬಾರದ ಓದುಗರಿಗೂ ಕಾವ್ಯವು ದೊರೆಯುವಂತಾಯಿತು.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜನ್ನನು ದ್ವಾರ ಮಾಡಿಸಿದ ಪಾರ್ಶ್ವನಾಥ ಬಸದಿಯು ಆದಿನಾಥ ಮತ್ತು ಶಾಂತಿನಾಥ ಬಸದಿಗಳ ಜೊತೆಯಲ್ಲಿ, ಹೊಯ್ಸಳೇಶ್ವರ ದೇವಾಲಯದಿಂದ ಅನತಿದೂರದಲ್ಲಿದೆ.